ಗ್ರಾಮಸಭೆಯಲ್ಲಿ ನನ್ನ ಮಾತು ಹೊರಡುವುದಿಲ್ಲ. ಚೆನ್ನಾಗಿ ಮಾತನಾಡುವವರು ಹೇಳಿದ್ದೇ ತೀರ್ಮಾನವಾಗುತ್ತದೆ

ಪ್ರಶ್ನೆ: ತೋಟದಮನೆಯಾಕೆ, ಎಣ್ಮಕಜೆ

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಗುಡ್ಡೆಯ ಬುಡದ ಅಡಿಕೆ ತೋಟದ ಪಕ್ಕ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ ನಾನು ಈಗ ತೋಟದ ಕೆಲಸದ ಜೊತೆಗೆ ಪೇಟೆಯ ಒಂದೆರಡು ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾಲ್ಕು ಜನರ ನಡುವೆ ಕುಳಿತು ಮಾತನಾಡುವುದಕ್ಕೆ ನನಗೆ ಯಾವ ತೊಂದರೆಯೂ ಇಲ್ಲ. ಆದರೆ ಎದ್ದು ನಿಂತು, ಮೈಕು ಹಿಡಿದು, ಎಲ್ಲರ ಕಣ್ಣು ನನ್ನ ಮೇಲಿರುವಾಗ ಮಾತನಾಡಬೇಕೆಂದರೆ ನಾಲಗೆ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೇಳಬೇಕೆಂದಿದ್ದ ಮೊದಲ ವಾಕ್ಯವೇ ಮರೆತುಹೋಗುತ್ತದೆ.

ಈ ಬಾರಿ ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ನೀರಿನ ಯೋಜನೆಯ ವಿಷಯ ಬಂತು. ಒಳ್ಳೆಯ ಮಾತುಗಾರರೆಂದು ಊರಿನಲ್ಲಿ ಹೆಸರಿರುವ ಒಬ್ಬರು ಎದ್ದು, ಗುಡ್ಡೆಯ ನೆತ್ತಿಯಲ್ಲಿ ಹೊಸ ಕೊಳವೆಬಾವಿ ಕೊರೆದು ಟ್ಯಾಂಕು ಕಟ್ಟಬೇಕೆಂದು ಸಾಕಷ್ಟು ಹೊತ್ತು ಮಾತನಾಡಿದರು. ಸೊಂಟದಲ್ಲಿ ಕೊಡ ಇಟ್ಟುಕೊಂಡು ಏರು ಹತ್ತುವ ತಾಯಂದಿರ ಚಿತ್ರವನ್ನು ಅವರು ಕಟ್ಟಿಕೊಟ್ಟಾಗ ಕೆಲವರು ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ. ಆಮೇಲೆ ಯಾರೂ ಏನನ್ನೂ ಕೇಳಲಿಲ್ಲ, ಕೈಗಳೆಲ್ಲ ಮೇಲೆದ್ದವು.

ನನ್ನ ಚೀಲದಲ್ಲಿ ಒಂದು ಪುಸ್ತಕವಿತ್ತು. ಬಾವಿಯ ಕಟ್ಟೆಯಿಂದ ನೀರಿನ ಮಟ್ಟದವರೆಗೆ ಹಗ್ಗ ಇಳಿಸಿ ಅಳೆದು, ದಿನಾಂಕದ ಸಹಿತ ಬರೆದಿಡುವ ಅಭ್ಯಾಸ ನನ್ನ ಮಾವನವರಿಗೆ ಇತ್ತು. ಅವರ ನಂತರ ನಾನು ಅದನ್ನು ಮುಂದುವರಿಸಿದ್ದೇನೆ. ಡಿಸೆಂಬರಿನಲ್ಲಿ ಎಲ್ಲರೂ ಸೇರಿ ತೋಡಿಗೆ, ಅಂದರೆ ಹಳ್ಳಕ್ಕೆ ಅಡ್ಡವಾಗಿ, ಕಲ್ಲು ಮಣ್ಣಿನ ಕಟ್ಟ ಹಾಕಿದ ವರ್ಷಗಳಲ್ಲಿ ಬಾವಿಯ ನೀರು ಏಪ್ರಿಲ್ ದಾಟಿದೆ, ಹಾಕದೆ ಬಿಟ್ಟ ವರ್ಷಗಳಲ್ಲಿ ಮಾರ್ಚಿನಲ್ಲೇ ತಳದ ಕಲ್ಲು ಕಂಡಿದೆ, ಆಚೆ ಗುಡ್ಡೆಯಲ್ಲಿ ಕೊಳವೆಬಾವಿ ಬಂದ ಮೇಲೆ ನಮ್ಮ ಸುರಂಗದ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಬಾವಿಯ) ನೀರು ತೆಳುವಾಗಿದೆ ಎಂಬುದೆಲ್ಲ ಆ ಪುಸ್ತಕದಲ್ಲಿದೆ. ಇದನ್ನು ಹೇಳಬೇಕೆಂದೇ ಹೋದವಳು ಹೇಳದೆ ಮರಳಿದೆ. ಸಭೆಯ ಮಾತುಕತೆ ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತಿದ್ದುದು ಅಂಜಿಕೆಯನ್ನು ಇನ್ನಷ್ಟು ಹೆಚ್ಚಿಸಿತು.

ಈ ಸಭಾಕಂಪವನ್ನು ಕಡಿಮೆ ಮಾಡಿಕೊಳ್ಳುವ ದಾರಿ ಯಾವುದೆಂದು ಅನುಭವಸ್ಥರು ತಿಳಿಸಬೇಕು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದಿದೆ. ಮಾತು ಬಲ್ಲವರು ಗೆಲ್ಲುವುದು, ವಿಷಯ ಬಲ್ಲವರು ಸುಮ್ಮನಿರುವುದು ಹೀಗೆಯೇ ನಡೆಯುವುದಾದರೆ, ಭಾಷಣ ಮಾಡುವುದನ್ನು ಕಲಿಯುವುದು ಒಳ್ಳೆಯದೇ, ಅಥವಾ ಅದು ಜನರ ಬುದ್ಧಿಗೆ ಮಂಕು ಕವಿಸುವ ವಿದ್ಯೆಯೇ?

ಉತ್ತರ: ಹವ್ಯಾಸಿ ಅರ್ಥಧಾರಿ, ಬದಿಯಡ್ಕ

ನಾನು ಬಹಳ ಕಾಲದಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿರುವವನು. ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನನ್ನದೂ ಹೌದು.

ಮಾತಿನ ಬಲ ಎಂಥದೆಂದು ನಮ್ಮ ಈ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಯಕ್ಷಗಾನದ ಪಿತಾಮಹನೆನಿಸಿದ ಪಾರ್ತಿಸುಬ್ಬನ ಸೀಮೆ ಇದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಈ ಮಣ್ಣಿನವರು. ಅರ್ಥಧಾರಿಯಾಗಿ ಹೆಸರು ಮಾಡಿದ ಕುಂಬಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಕರ್ನಾಟಕ ವಿಧಾನಸಭೆಗೂ ಆಯ್ಕೆಯಾದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಕುಳಿತಲ್ಲೇ ಆಶುವಾಗಿ ಅರ್ಥ ಹೇಳಿ ಇಡೀ ರಾತ್ರಿ ಜನರನ್ನು ಹಿಡಿದಿಡುವ ಕಲೆ ನಮ್ಮದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ಶೇಣಿಯವರ ವಾಲಿ ಕೇಳಿದಾಗ, ರಾಮಭಕ್ತರೂ ಒಂದು ಕ್ಷಣ ವಾಲಿಯ ಪಕ್ಷಕ್ಕೆ ವಾಲುತ್ತಿದ್ದರು.

ಆದರೆ ಒಂದು ಮಾತನ್ನು ಗಮನಿಸಿ. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಬಾಣ ಆಗಲೇ ನೆಟ್ಟಾಗಿದೆ, ಪ್ರಸಂಗ ಬದಲಾಗುವುದಿಲ್ಲ. ಕೇಳುಗ ಮಾತಿನ ಸೊಗಸಿಗೆ ತಲೆದೂಗಿ ಮನೆಗೆ ಹೋದರೆ ಯಾರ ಬಾವಿಯೂ ಬತ್ತುವುದಿಲ್ಲ. ಗ್ರಾಮಸಭೆಯಲ್ಲಿ ತಲೆದೂಗಿದರೆ ಹಣ ಖರ್ಚಾಗುತ್ತದೆ, ನೆಲಕ್ಕೆ ತೂತು ಬೀಳುತ್ತದೆ. ಇಂದು ರಾಮನ ಅರ್ಥ ಹೇಳಿದವನೇ ನಾಳೆ ಇನ್ನೊಂದು ಕೂಟದಲ್ಲಿ ವಾಲಿಯ ಅರ್ಥ ಹೇಳುತ್ತಾನೆ, ಎರಡರಲ್ಲಿಯೂ ಚಪ್ಪಾಳೆ ಪಡೆಯುತ್ತಾನೆ. ಅಂದ ಮೇಲೆ ಯಾವ ಪಕ್ಷ ಸರಿಯೆಂಬುದಕ್ಕೆ ಚಪ್ಪಾಳೆ ಸಾಕ್ಷಿಯಾಗಲಾರದು ಎಂಬುದು ಅರ್ಥಧಾರಿಗಳಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಹಾಗೆಂದು ಈ ವಿದ್ಯೆ ಕೆಟ್ಟದ್ದಲ್ಲ. ಎದುರು ಪಾತ್ರದ ಮಾತನ್ನು ಅದರ ಬಲವಾದ ರೂಪದಲ್ಲಿ ತಾನೇ ಒಮ್ಮೆ ಆಡಿನೋಡಿದವನಿಗೆ ಮಾತ್ರ ತನ್ನ ಪಾತ್ರದ ದುರ್ಬಲ ಜಾಗ ಯಾವುದೆಂದು ತಿಳಿಯುತ್ತದೆ. ನೀವೂ ಮನೆಯಲ್ಲಿ ಕುಳಿತು, ಕೊಳವೆಬಾವಿ ಬೇಕೆಂಬ ಪಕ್ಷವನ್ನು ಆ ಮಾತುಗಾರರಿಗಿಂತ ಚೆನ್ನಾಗಿ ಒಮ್ಮೆ ಮಂಡಿಸಿನೋಡಿ.

ಅಂಜಿಕೆಯ ಬಗ್ಗೆ ನಾನು ಹೇಳಬಹುದಾದದ್ದು ಇಷ್ಟು. ಕೂಟದಲ್ಲಿ ಅಂಜಿಕೆ ಹೆಚ್ಚಾಗಿ ಪೀಠಿಕೆಯಲ್ಲೇ ಇರುತ್ತದೆ. ಪೀಠಿಕೆಯ ಮೊದಲ ಮೂರು ನಾಲ್ಕು ವಾಕ್ಯ ದಾಟಿದರೆ ಮುಂದಿನದನ್ನು ವಿಷಯವೇ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಆ ವಾಕ್ಯಗಳನ್ನು ಅಕ್ಷರಕ್ಷರ ಬಾಯಿಪಾಠ ಮಾಡಿರಿ, ಉಳಿದದ್ದನ್ನು ಬಾಯಿಪಾಠ ಮಾಡಬೇಡಿ. ಎಲ್ಲವನ್ನೂ ಬಾಯಿಪಾಠ ಮಾಡಿದವರು ನಡುವೆ ಒಂದು ಶಬ್ದ ತಪ್ಪಿದರೆ ಮುಂದೆ ಹೋಗಲಾರರು.

ಉತ್ತರ: ಗುಡ್ಡೆಮನೆ

ನಾನು ಗುಡ್ಡೆಯ ಮೇಲೆ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವನು. ನಿಮ್ಮ ಊರಿನವನಲ್ಲ, ಆದರೆ ಸ್ಥಿತಿ ಒಂದೇ. ತೋಡಿನ ಕಟ್ಟದಿಂದ ತೋಟದವರ ಬಾವಿಗೆ ನೀರು ಬರುತ್ತದೆ, ನಮ್ಮ ಮನೆಗಳಿಗೆ ಬರುವುದಿಲ್ಲ. ಮಾರ್ಚ್ ಬಂದರೆ ನಾವು ಟ್ಯಾಂಕರಿನ ದಾರಿ ಕಾಯುತ್ತೇವೆ. ಆ ಭಾಷಣದಲ್ಲಿ ಕೊಡ ಹೊತ್ತ ತಾಯಿಯ ಚಿತ್ರ ಬಂತು ಎಂದಿರಿ. ಅದು ಬರೀ ಮಾತಿನ ಚಮತ್ಕಾರವಲ್ಲ, ನನ್ನ ತಾಯಿ ದಿನವೂ ಮಾಡುವ ಕೆಲಸ. ನಿಮ್ಮ ಪುಸ್ತಕದಲ್ಲಿ ನಮ್ಮ ಮನೆಗಳ ಲೆಕ್ಕ ಇದೆಯೇ?

ಉತ್ತರ: ನಿವೃತ್ತ ಅಧ್ಯಾಪಕ, ಕುಂಬಳೆ

ಗುಡ್ಡೆಮನೆಯವರ ಪ್ರಶ್ನೆ ಈ ಚರ್ಚೆಗೆ ಅತ್ಯಗತ್ಯವಾಗಿತ್ತು. ಕಣ್ಣೀರು ತರಿಸಿದ ಮಾತು ಸುಳ್ಳೆಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ; ಅದು ಕೂಡ ಅವಸರದ ವಿಚಾರವೇ. ಆ ಭಾಷಣದಲ್ಲಿ ಎರಡು ಹೇಳಿಕೆಗಳಿದ್ದವು. ಗುಡ್ಡೆಯ ಮನೆಗಳಿಗೆ ಬೇಸಗೆಯಲ್ಲಿ ನೀರಿಲ್ಲ ಎಂಬುದು ಮೊದಲನೆಯದು, ನೆತ್ತಿಯಲ್ಲಿ ಕೊಳವೆಬಾವಿ ಕೊರೆದರೆ ನೀರು ಸಿಗುತ್ತದೆ, ಉಳಿಯುತ್ತದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಕೊಡ ಹೊತ್ತ ತಾಯಿಯೇ ಸಾಕ್ಷಿ. ಎರಡನೆಯದಕ್ಕೆ ಅಂದು ಯಾವ ಸಾಕ್ಷಿಯೂ ಬಂದಂತೆ ಕಾಣುವುದಿಲ್ಲ, ಆದರೆ ಮೊದಲನೆಯದರ ಬಿಸಿಯಲ್ಲಿ ಎರಡನೆಯದೂ ಒಪ್ಪಿಗೆಯಾಯಿತು. ಮನವೊಲಿಸುವ ಮಾತು ಕೆಲಸ ಮಾಡುವ ರೀತಿಯೇ ಇದು: ನಿಜವಾದ ಒಂದು ದುಃಖದ ಬೆನ್ನಿಗೆ, ಇನ್ನೂ ಪರೀಕ್ಷೆಯಾಗದ ಒಂದು ಪರಿಹಾರವನ್ನು ಕಟ್ಟಿ ಕಳುಹಿಸುವುದು. ಮಾತನಾಡಿದವರು ಮೋಸಗಾರರಾಗಿರಬೇಕೆಂದಿಲ್ಲ, ಅವರೂ ತಮ್ಮ ಮಾತಿನ ಬಿಸಿಯಲ್ಲೇ ನಂಬಿರಬಹುದು.

ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ತರ್ಕಶಾಸ್ತ್ರದ ಹಳೆಯ ಗ್ರಂಥವಾದ ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ಸತ್ಯವನ್ನು ತಿಳಿಯಬೇಕೆಂಬ ಇಬ್ಬರು ಪ್ರಮಾಣಗಳನ್ನಿಟ್ಟು ಮಾತನಾಡುವುದು ವಾದ. ಗೆಲ್ಲುವುದಕ್ಕಾಗಿ, ಬೇಕಾದರೆ ಮಾತಿನ ತಂತ್ರವನ್ನೂ ಬಳಸಿ ಮಾತನಾಡುವುದು ಜಲ್ಪ. ತನ್ನದೆಂದು ಒಂದು ಪಕ್ಷವನ್ನೇ ಇಡದೆ ಎದುರಿನವನದನ್ನು ಬೀಳಿಸುವುದಷ್ಟೇ ಗುರಿಯಾದರೆ ಅದು ವಿತಂಡ. ಜಲ್ಪ ವಿತಂಡಗಳನ್ನು ಅವರು ಪೂರ್ತಿ ತಳ್ಳಿಹಾಕಲಿಲ್ಲ ಎಂಬುದು ಕುತೂಹಲದ ಸಂಗತಿ. ಬೀಜ ಮೊಳೆತ ಜಾಗವನ್ನು ಕಾಯಲು ಮುಳ್ಳಿನ ಬೇಲಿ ಹಾಕುವಂತೆ, ನಿಶ್ಚಯಿಸಿದ ತತ್ತ್ವವನ್ನು ಕಾಯಲು ಅವು ಬೇಕಾದೀತು ಎಂದು ಸೂತ್ರವೇ ಹೇಳುತ್ತದೆ. ಅಂದರೆ ಮಾತಿನ ಕೌಶಲ ಬೇಲಿಯ ಕೆಲಸ ಮಾಡಬಹುದು, ಬೆಳೆಯ ಕೆಲಸ ಮಾಡಲಾರದು.

ಆಧುನಿಕ ಕಾಲದ ಒಂದು ಪ್ರಯೋಗವನ್ನೂ ಹೇಳಬೇಕು. 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಅದು. ಒಬ್ಬ ವೃತ್ತಿನಟನನ್ನು ‘ಡಾಕ್ಟರ್ ಫಾಕ್ಸ್’ ಎಂಬ ಹೆಸರಿನಲ್ಲಿ, ಗಣಿತದ ಆಟಸಿದ್ಧಾಂತವನ್ನು ವೈದ್ಯರ ಶಿಕ್ಷಣಕ್ಕೆ ಅನ್ವಯಿಸುವ ತಜ್ಞನೆಂದು ಪರಿಚಯಿಸಿ ಉಪನ್ಯಾಸ ಮಾಡಿಸಿದರು. ಆತನಿಗೆ ವಿಷಯ ಗೊತ್ತಿರಲಿಲ್ಲ. ಒಂದಕ್ಕೊಂದು ವಿರುದ್ಧವಾದ ಮಾತು, ಅರ್ಥವಿಲ್ಲದ ಹೊಸ ಪದಗಳು, ಸಂಬಂಧವಿಲ್ಲದ ಉಲ್ಲೇಖಗಳು, ನಡುನಡುವೆ ಹಾಸ್ಯ, ಇವೆಲ್ಲವನ್ನೂ ತುಂಬ ಆತ್ಮವಿಶ್ವಾಸದಿಂದ, ಹಿತವಾಗಿ ಹೇಳುವಂತೆ ತರಬೇತಿ ಕೊಟ್ಟಿದ್ದರು. ಕೇಳಿದವರು ಮೂರು ಗುಂಪುಗಳ ಒಟ್ಟು 55 ಮಂದಿ. ಅವರಲ್ಲಿ ಮನೋವೈದ್ಯರಿದ್ದರು, ಮನಶ್ಶಾಸ್ತ್ರಜ್ಞರಿದ್ದರು, ಶಿಕ್ಷಣ ಕ್ಷೇತ್ರದವರಿದ್ದರು. ಹೆಚ್ಚಿನವರು ಉಪನ್ಯಾಸವನ್ನು ಮೆಚ್ಚಿಕೊಂಡರು. ಅದು ಸಣ್ಣ ಪ್ರಯೋಗ, ನೀರಸವಾಗಿ ಮಾತನಾಡುವ ಇನ್ನೊಬ್ಬನನ್ನಿಟ್ಟು ಹೋಲಿಸಿ ನೋಡಿದ್ದಲ್ಲ. ಆದ್ದರಿಂದ ಅದರಿಂದ ಬಹಳ ದೊಡ್ಡ ತೀರ್ಮಾನಕ್ಕೆ ಬರುವಂತಿಲ್ಲ. ಓದಿದವರಿಗೂ ಹಿತವಾದ ಧ್ವನಿಯು ತಿಳಿದುಕೊಂಡ ಭಾವವನ್ನು ಕೊಡಬಲ್ಲದು ಎಂಬಷ್ಟನ್ನು ಅದು ತೋರಿಸುತ್ತದೆ. ಭಾಷಣ ಕೇಳಿ ಬಂದ ರಾತ್ರಿ, ‘ಅವರು ಹೇಳಿದ್ದೇನು, ಅದಕ್ಕೆ ಕೊಟ್ಟ ಕಾರಣವೇನು’ ಎಂದು ಎರಡು ಸಾಲು ಬರೆಯಲು ಕುಳಿತರೆ ಆ ಭಾವ ಎಷ್ಟು ಗಟ್ಟಿಯೆಂದು ಗೊತ್ತಾಗುತ್ತದೆ.

ಈಗ ಅದೇ ಅಳತೆಗೋಲನ್ನು ನಿಮಗೂ ಹಿಡಿಯುತ್ತೇನೆ, ಬೇಸರಿಸಬೇಡಿ. ಸಂಕೋಚವಿದ್ದವರ ಮಾತೆಲ್ಲ ಸರಿ ಎಂದೂ ಇಲ್ಲ. ಕಟ್ಟ ಹಾಕಿದ ವರ್ಷಗಳಲ್ಲಿ ನೀರು ಉಳಿಯಿತು ಎನ್ನುತ್ತೀರಿ. ಆ ವರ್ಷಗಳಲ್ಲಿ ತುಲಾಮಳೆ, ಅಂದರೆ ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆ, ಹೆಚ್ಚು ಬಂದಿತ್ತೇ? ಏಪ್ರಿಲಿನಲ್ಲಿ ಬೇಸಗೆ ಮಳೆ ಬಿದ್ದಿತ್ತೇ? ಜನ ಸೇರಿ ಕಟ್ಟ ಹಾಕುವ ಉತ್ಸಾಹ ಬರುವುದೇ ತೋಡಿನಲ್ಲಿ ನೀರು ಇನ್ನೂ ಹರಿಯುತ್ತಿರುವ ವರ್ಷಗಳಲ್ಲಿ. ಹಾಗಿರುವಾಗ ಕಟ್ಟದಿಂದ ನೀರು ಉಳಿಯಿತೋ, ನೀರಿದ್ದ ವರ್ಷ ಕಟ್ಟ ಹಾಕಿದರೋ ಎಂಬ ಸಂದೇಹಕ್ಕೆ ನಿಮ್ಮಲ್ಲಿ ಉತ್ತರವಿರಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬಿದ್ದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು, ಕೆಂಪುಕಲ್ಲಿನ ಇಳಿಜಾರಿನಲ್ಲಿ ಬೇಗನೆ ಹರಿದುಹೋಗುತ್ತದೆ. ಆದ್ದರಿಂದ ಅಕ್ಟೋಬರಿನ ನಂತರದ ಮಳೆಯ ಲೆಕ್ಕವೇ ನಿಮಗೆ ಮುಖ್ಯ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮವರು ಸಿ.ಪಿ.ಸಿ.ಆರ್.ಐ. ಎನ್ನುವ ಸಂಸ್ಥೆ, ಹವಾಮಾನದ ದಾಖಲೆ ಇಡುತ್ತದೆ, ಕೇಳಿನೋಡಿ. ನಿಮ್ಮ ಪುಸ್ತಕದ ಪಕ್ಕದಲ್ಲಿ ಮಳೆಯ ಅಂಕಿಯೂ ಬಂದರೆ ಸಭೆಯಲ್ಲಿ ನಿಮ್ಮ ಕಾಲು ನಡುಗಿದರೂ ಮಾತು ನಡುಗುವುದಿಲ್ಲ.

ಉತ್ತರ: ಶುಶ್ರೂಷಕಿ, ಕಾಞಂಗಾಡು

ಅಂಜಿಕೆಯ ಶರೀರದ ಭಾಗವನ್ನು ಮಾತ್ರ ಹೇಳುತ್ತೇನೆ. ಅಪಾಯವಿದೆ ಎಂದು ಮನಸ್ಸು ಎಣಿಸಿದೊಡನೆ ಅಡ್ರಿನಲಿನ್ ಬಿಡುಗಡೆಯಾಗಿ ಎದೆಬಡಿತ ಏರುತ್ತದೆ, ಲಾಲಾರಸ ಕಡಿಮೆಯಾಗಿ ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ. ಇದು ಹೇಡಿತನದ ಲಕ್ಷಣವಲ್ಲ. ಅನುಭವಿ ಕಲಾವಿದರಿಗೂ ಆಗುತ್ತದೆ.

ನಿಮಗೆ ಸಮಾಧಾನವಾಗಬಹುದಾದ ಒಂದು ಸಂಗತಿಯಿದೆ. ನಮ್ಮೊಳಗಿನ ನಡುಕ ಹೊರಗಿನವರಿಗೆ ಎಷ್ಟು ಕಾಣುತ್ತದೆಂದು ನಾವು ಭಾವಿಸುತ್ತೇವೆಯೋ ಅಷ್ಟು ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದವರು ತಮ್ಮ ಅಂಜಿಕೆ ಕೇಳುಗರಿಗೆ ಎದ್ದು ಕಾಣುತ್ತಿತ್ತೆಂದು ಅಂದಾಜು ಮಾಡಿದ್ದು ಕೇಳುಗರು ನಿಜವಾಗಿ ಗುರುತಿಸಿದ್ದಕ್ಕಿಂತ ಹೆಚ್ಚಾಗಿತ್ತು. ಅಷ್ಟೇ ಅಲ್ಲ, ಈ ಸಂಗತಿಯನ್ನು ಮೊದಲೇ ತಿಳಿಸಿ ಕಳುಹಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ತಿಳಿದಿರುವುದೇ ಅರ್ಧ ಔಷಧಿ.

ಸಭೆಗೆ ಸ್ವಲ್ಪ ಬೇಗ ಹೋಗಿ, ಪಕ್ಕದ ನಾಲ್ಕು ಜನರೊಡನೆ ಇದೇ ವಿಷಯವನ್ನು ಮೆಲ್ಲಗೆ ಮಾತನಾಡಿಟ್ಟುಕೊಳ್ಳಿ. ನೀವು ಎದ್ದಾಗ ಆ ನಾಲ್ಕು ಮುಖಗಳನ್ನು ನೋಡಿ ಹೇಳಿ. ನೀರಿನ ಬಾಟಲಿ ಕೈಯಲ್ಲಿರಲಿ. ಮೈಕಿನವರು ಹೆಸರು ಕರೆದ ಮೇಲೆ ಉಸಿರನ್ನು ನಿಧಾನವಾಗಿ ಹೊರಬಿಟ್ಟು ಆರಂಭಿಸಿ. ಕೆಲವರು ಇಂಥ ಸಂದರ್ಭಕ್ಕೆ ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು ಸ್ನೇಹಿತರಿಂದ ಕೇಳಿ ನುಂಗುತ್ತಾರೆ. ಉಬ್ಬಸವಿರುವವರಿಗೆ ಅದು ಅಪಾಯಕಾರಿ, ವೈದ್ಯರನ್ನು ಕೇಳದೆ ಯಾರೂ ತೆಗೆದುಕೊಳ್ಳಕೂಡದು. ಸಭೆಯ ಮಾತಷ್ಟೇ ಅಲ್ಲದೆ ಅಂಗಡಿಗೆ ಹೋಗುವುದು, ಫೋನ್ ಎತ್ತುವುದು, ಇತರರ ಮುಂದೆ ಉಣ್ಣುವುದು ಕೂಡ ಕಷ್ಟವಾಗಿ ಬದುಕಿಗೆ ಅಡ್ಡಿಯಾಗುತ್ತಿದ್ದರೆ ಅದು ಚಿಕಿತ್ಸೆಯಿರುವ ತೊಂದರೆ. ಔಷಧಿಯಿಲ್ಲದೆ ಮಾತಿನ ಚಿಕಿತ್ಸೆಯಿಂದಲೂ ಗುಣವಾಗುವುದುಂಟು. ನಿಮ್ಮದು ಹಾಗೆ ಕಾಣುವುದಿಲ್ಲ.

ಉತ್ತರ: ಮಾಜಿ ವಾರ್ಡ್ ಸದಸ್ಯೆ, ಮಂಜೇಶ್ವರ ಕಡೆಯವಳು

ತಂಗೀ, ಮೇಲಿನವರೆಲ್ಲ ಒಳ್ಳೆಯದನ್ನೇ ಹೇಳಿದ್ದಾರೆ, ಆದರೆ ನನಗೆ ಒಂದು ಭಯವಿದೆ. ಇಷ್ಟೆಲ್ಲ ಓದಿದ ಮೇಲೆ ‘ಮಾತು ಬಾರದಿದ್ದರೂ ನನ್ನ ವಿಚಾರ ಸರಿಯಿದೆ’ ಎಂದು ನೀವು ಪುಸ್ತಕವನ್ನು ಮತ್ತೆ ಚೀಲದಲ್ಲಿ ಇಟ್ಟುಕೊಂಡರೆ ಏನು ಪ್ರಯೋಜನ? ತಿಳಿದವರು ಸುಮ್ಮನಿದ್ದರೆ ಅದರ ನಷ್ಟ ಅವರಿಗೊಬ್ಬರಿಗೇ ಅಲ್ಲ.

ನಿಮ್ಮ ಪಂಚಾಯತಿನ ಕಥೆಯನ್ನೇ ನೋಡಿ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 1970ರ ದಶಕದ ಕೊನೆಯಿಂದ 2000ದ ತನಕ ನಡೆಯಿತು. ಪಡ್ರೆ ಕಡೆಯ ವೈದ್ಯರೊಬ್ಬರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡ ವಿಚಿತ್ರವನ್ನು ಗಮನಿಸಿ ಪ್ರಶ್ನೆ ಎತ್ತಿದರು. ಅದು ಸ್ಪಷ್ಟ ವಿಚಾರ. ಆದರೆ ಆ ವಿಚಾರ ತಾನಾಗಿಯೇ ದೆಹಲಿ ತಲುಪಲಿಲ್ಲ. ಕೃಷಿಕ ಪತ್ರಕರ್ತ ಶ್ರೀ ಪಡ್ರೆಯಂಥವರು ಬರೆದರು, ತಾಯಂದಿರು ಮಕ್ಕಳನ್ನೆತ್ತಿಕೊಂಡು ಬೀದಿಗೆ ಬಂದರು, ಸಭೆಗಳಲ್ಲಿ ಕೂಗಿ ಹೇಳಿದರು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು, ಅದೇ ವರ್ಷ ವಿಷಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೂ ಅದು ಸೇರಿತು. ಅಳುವ ತಾಯಿ ಮತ್ತು ಟಿಪ್ಪಣಿ ಬರೆದ ವೈದ್ಯರು, ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಅದು ಆಗುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಗಾಂಧೀಜಿಯವರ ಸಂಕೋಚದ ಕಥೆ ಎಲ್ಲರಿಗೂ ಗೊತ್ತು: ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಯಲ್ಲೇ ಬಾಯಿ ಬಿಡಲಾಗದೆ ಕುಳಿತು, ಪಡೆದ 30 ರೂಪಾಯಿ ಶುಲ್ಕವನ್ನು ಹಿಂದೆ ಕೊಟ್ಟರು. ಅದರ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. 1893ರಲ್ಲಿ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರ, ಹೆಚ್ಚಾಗಿ ವ್ಯಾಪಾರಿಗಳ ಎದುರು ಅವರು ಮಾತನಾಡಿದರು, ಅದೇ ತನ್ನ ಬದುಕಿನ ಮೊದಲ ಸಾರ್ವಜನಿಕ ಭಾಷಣವೆನ್ನಬಹುದು ಎಂದು ಅವರೇ ಬರೆದಿದ್ದಾರೆ. ವಿಷಯ: ವ್ಯಾಪಾರದಲ್ಲಿ ಸತ್ಯ. ಸಂಕೋಚ ಅಷ್ಟರಲ್ಲಿ ಮಾಯವಾಗಿರಲಿಲ್ಲ. ವಿಷಯವನ್ನು ಸಿದ್ಧಪಡಿಸಿಕೊಂಡು ಹೋಗಿದ್ದರು, ಹೇಳಲೇಬೇಕಾದ ಜನ ಎದುರಿಗಿದ್ದರು.

ಇನ್ನು ನಿಮ್ಮ ಕೆಲಸಕ್ಕೆ ಬರುವ ಮಾತು. ಕೈ ಎತ್ತಿದ ಕೂಡಲೇ ಎಲ್ಲವೂ ಮುಗಿಯುವುದಿಲ್ಲ. 1994ರ ಕೇರಳ ಪಂಚಾಯತ್‌ರಾಜ್ ಕಾನೂನಿನ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಶೇಕಡಾ 10ರಷ್ಟು ಜನರಾದರೂ ಇರಬೇಕು. ಅಲ್ಲಿ ಬಂದ ಬೇಡಿಕೆಗಳು ಯೋಜನೆ ತಯಾರಿಸುವ ಕಾರ್ಯತಂಡದ ಮುಂದೆ, ಆಮೇಲೆ ಪಂಚಾಯತಿನ ಯೋಜನೆಗಳನ್ನು ಚರ್ಚಿಸುವ ವಿಕಸನ ಸೆಮಿನಾರಿನ ಮುಂದೆ ಹೋಗುತ್ತವೆ. ಕಾರ್ಯತಂಡದಲ್ಲಿ ಮೈಕಿಲ್ಲ, ಮೇಜಿನ ಸುತ್ತ ಕೆಲವೇ ಜನ. ನಿಮ್ಮಂಥವರಿಗೆ ಅದು ಸರಿಯಾದ ಜಾಗ. ಬರಹದಲ್ಲಿ ಕೊಡಿ, ಕನ್ನಡದಲ್ಲೇ ಕೊಡಿ. ಯಾವುದೇ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯೇ ಕೊಟ್ಟಿದೆ. ಸಭೆಯಲ್ಲಿಯೂ ಕನ್ನಡದಲ್ಲೇ ಮಾತನಾಡಿ, ಮಲಯಾಳದಲ್ಲಿ ಹೇಳುವ ಕೆಲಸವನ್ನು ವಾರ್ಡ್ ಸದಸ್ಯರಿಗೆ ಬಿಡಿ. ಅರ್ಧ ಬರುವ ಭಾಷೆಯಲ್ಲಿ ಮಾತನಾಡಲು ಹೋದರೆ ಯೋಚನೆಯೂ ಅರ್ಧವಾಗುತ್ತದೆ. ಮತ್ತೆ, ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಹೇಳಬೇಕೆಂದಿರುವುದನ್ನು ಇಲ್ಲೇ ಬರೆದು ಹಾಕಿ, ನಾವು ನೋಡುತ್ತೇವೆ.

ಪ್ರಶ್ನೆ ಕೇಳಿದವರು: ತೋಟದಮನೆಯಾಕೆ

ಅಕ್ಕ, ಮಾಷ್ಟ್ರೇ, ಎಲ್ಲರಿಗೂ ಕೃತಜ್ಞತೆಗಳು. ಗುಡ್ಡೆಮನೆಯವರ ಪ್ರಶ್ನೆಗೆ ಮೊದಲು ಉತ್ತರಿಸಬೇಕು: ನನ್ನ ಪುಸ್ತಕದಲ್ಲಿ ಗುಡ್ಡೆಯ ಮನೆಗಳ ಲೆಕ್ಕವಿಲ್ಲ. ಮಾಷ್ಟ್ರು ಕೇಳಿದ ಮಳೆಯ ಲೆಕ್ಕದಲ್ಲಿ ಸ್ವಲ್ಪ ಭಾಗ ಮಾತ್ರ ಇದೆ. ಬೇಸಗೆ ಮಳೆ ಬಿದ್ದ ದಿನ ಮಾವನವರು ಪುಟದ ಅಂಚಿನಲ್ಲಿ ‘ಮಳೆ’ ಎಂದು ಬರೆದಿದ್ದಾರೆ, ಎಷ್ಟು ಬಿತ್ತೆಂದು ಬರೆದಿಲ್ಲ. ಆ ಗುರುತಿಲ್ಲದ ವರ್ಷಗಳನ್ನು ಮಾತ್ರ ಬೇರೆ ಮಾಡಿ ನೋಡಿದೆ. ಆಗಲೂ ಕಟ್ಟ ಹಾಕಿದ ವರ್ಷಗಳಲ್ಲಿ ನೀರು ಮೇಲಿದೆ, ಆದರೆ ಅಂತರ ನಾನು ಎಣಿಸಿದ್ದಕ್ಕಿಂತ ಕಡಿಮೆ. ಸಭೆಯಲ್ಲಿ ಹೇಳಲು ಬರೆದದ್ದು ಇದು:

‘ನಾನು ತೋಡಿನ ಬದಿಯ ತೋಟದವಳು. ಗುಡ್ಡೆಯ ಮನೆಗಳಿಗೆ ನೀರು ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಕೊಳವೆಬಾವಿ ದಾರಿಯೇ ಎಂಬುದರಲ್ಲಿ ನನಗೆ ಸಂದೇಹವಿದೆ. ನಮ್ಮ ಬಾವಿಯ ನೀರಿನ ಮಟ್ಟವನ್ನು ಅಳೆದ ಪುಸ್ತಕ ಇಲ್ಲಿದೆ, ಯಾರು ಬೇಕಾದರೂ ನೋಡಬಹುದು. ತೋಡಿಗೆ ಕಟ್ಟ ಹಾಕಿದ ವರ್ಷಗಳಲ್ಲಿ ಏಪ್ರಿಲ್ ನಡುವೆ ಕಟ್ಟೆಯಿಂದ ನೀರಿಗೆ ಸುಮಾರು ಒಂಬತ್ತು ಕೋಲು. ಹಾಕದ ವರ್ಷಗಳಲ್ಲಿ ಹನ್ನೆರಡು ಕೋಲಿಗೆ ತಳ. ಆಚೆ ಗುಡ್ಡೆಯಲ್ಲಿ ಕೊಳವೆಬಾವಿ ಕೊರೆದ ನಂತರ ನಮ್ಮ ಸುರಂಗದ ನೀರು ಬತ್ತಿತು. ಕೊರೆಯುವ ಮೊದಲು ಭೂಜಲ ಇಲಾಖೆಯವರನ್ನು ಕರೆಸಿ ನೋಡಿಸಬೇಕು. ಕಟ್ಟದ ನೀರನ್ನು ಪಂಪು ಮಾಡಿ ಗುಡ್ಡೆಯ ಟ್ಯಾಂಕಿಗೆ ಏರಿಸಲು ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಿಸಬೇಕು. ಎರಡು ಲೆಕ್ಕವನ್ನೂ ಮುಂದಿನ ಸಭೆಯಲ್ಲಿ ಇಟ್ಟು ತೀರ್ಮಾನಿಸೋಣ.’

ಮೊದಲ ಮೂರು ವಾಕ್ಯಗಳನ್ನು ಅರ್ಥಧಾರಿಗಳು ಹೇಳಿದಂತೆ ಬಾಯಿಪಾಠ ಮಾಡಿದ್ದೇನೆ. ದನದ ಹಟ್ಟಿಯಲ್ಲಿ ನಿಂತು ಗಟ್ಟಿಯಾಗಿ ಹೇಳಿನೋಡಿದೆ. ಎರಡು ನಿಮಿಷದೊಳಗೆ ಮುಗಿಯುತ್ತದೆ.

ಉತ್ತರ: ನಿವೃತ್ತ ಅಧ್ಯಾಪಕ, ಕುಂಬಳೆ

ತುಂಬ ಚೆನ್ನಾಗಿದೆ. ಒಂದು ಕಡೆ ಮಾತ್ರ ನೀವೂ ಜಲ್ಪದತ್ತ ಜಾರಿದ್ದೀರಿ. ಪ್ರಶ್ನೆಯಲ್ಲಿ ಸುರಂಗದ ನೀರು ‘ತೆಳುವಾಗಿದೆ’ ಎಂದಿತ್ತು, ಈಗ ‘ಬತ್ತಿತು’ ಎಂದಾಗಿದೆ. ಕಂಡದ್ದನ್ನು ಕಂಡಷ್ಟೇ ಹೇಳಿ. ಅದಕ್ಕೆ ಕೊಳವೆಬಾವಿಯೇ ಕಾರಣವೆಂದು ನಿಮ್ಮಲ್ಲಿ ಪ್ರಮಾಣವಿಲ್ಲ. ಸುರಂಗದೊಳಗೆ ಮಣ್ಣು ಜರಿದಿದ್ದರೂ ನೀರು ಕಡಿಮೆಯಾಗಬಹುದು. ‘ಕೊಳವೆಬಾವಿ ಬಂದ ಮೇಲೆ ಸುರಂಗದ ನೀರು ತೆಳುವಾಗಿದೆ, ಕಾರಣವನ್ನು ಇಲಾಖೆಯವರು ಪರಿಶೀಲಿಸಲಿ’ ಎಂದರೆ ಸಾಕು. ಯಾರಾದರೂ ಎದ್ದು ‘ಬತ್ತಿದ್ದನ್ನು ತೋರಿಸಿ’ ಎಂದರೆ ಆ ಒಂದು ಮಾತಿನಿಂದ ನಿಮ್ಮ ಇಡೀ ಪುಸ್ತಕದ ಮೇಲೆ ಸಂದೇಹ ಬೀಳುತ್ತದೆ.

ಕೋಲಿನ ಲೆಕ್ಕ ಊರಿನವರಿಗೆ ಸರಿ, ಎಂಜಿನಿಯರರಿಗೆ ಮೀಟರಿನಲ್ಲಿಯೂ ಹೇಳಿ. ಕೋಲಿಗೆ ಸುಮಾರು 72 ಸೆಂಟಿಮೀಟರ್ ಹಿಡಿದರೆ ಒಂಬತ್ತು ಕೋಲು ಆರೂವರೆ ಮೀಟರಿನ ಹತ್ತಿರ, ಹನ್ನೆರಡು ಕೋಲು ಎಂಟೂ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಆಗುತ್ತದೆ.

ಉತ್ತರ: ಗುಡ್ಡೆಮನೆ

ಪಂಪು ಮಾಡಿ ಏರಿಸುವ ಮಾತು ಸೇರಿಸಿದ್ದಕ್ಕೆ ಸಂತೋಷ. ಆದರೆ ಮೇ ತಿಂಗಳಲ್ಲಿ ಕಟ್ಟದಲ್ಲಿ ಪಂಪಿಗೆ ಸಿಗುವಷ್ಟು ನೀರು ಉಳಿಯುತ್ತದೆಯೇ ಎಂಬುದನ್ನು ನೀವು ಹೇಳಿಲ್ಲ, ಮೊದಲ ಪ್ರಶ್ನೆ ಅದೇ ಬರುತ್ತದೆ. ನಮ್ಮಲ್ಲಿ ಹಿಂದೆ ಕೊರೆದ ಕೊಳವೆಬಾವಿಗಳಲ್ಲಿ ಯಾವುದು ಯಾವ ತಿಂಗಳಲ್ಲಿ ನಿಲ್ಲುತ್ತದೆ, ಎಷ್ಟು ಅಡಿಗೆ ಕೊರೆದದ್ದು ಎಂದು ನಾನು ಮನೆ ಮನೆ ಕೇಳಿ ಬರೆದು ಇಲ್ಲಿ ಹಾಕುತ್ತೇನೆ. ನಿಮ್ಮ ಕಡೆಯ ಗುಡ್ಡೆಯಲ್ಲಿಯೂ ಯಾರಾದರೂ ಹಾಗೆ ಕೇಳಿ ಬರೆದರೆ ಸಭೆಯಲ್ಲಿ ನಿಮ್ಮೊಡನೆ ಅವರನ್ನೂ ಎಬ್ಬಿಸಿ. ನೀರಿಲ್ಲದ ಮನೆಯವರ ಬಾಯಿಯಿಂದ ಆ ಲೆಕ್ಕ ಬರಲಿ.